ಪತ್ರೊಡೆಯ ಬೋರಿಂಗ್ ಪ್ಯಾರಾ

"ಮಿಸ್, ನನ್ ನಾಲಿಗೆ! ಮಿಸ್, ಗಂಟ್ಲು!"

ನವೀನ್ ಬಾಯಿ ತೆರೆದುಕೊಂಡು ಬೆಂಚಿನ ಪಕ್ಕದಲ್ಲಿ ಕುಣಿಯುತ್ತಿದ್ದ. ಮೊದಲು ಎಲ್ಲರೂ ನಕ್ಕರು. ಇಂಟರ್ವೆಲ್‌ನಲ್ಲಿ ಕುಣಿಯುವುದು ಅವನಿಗೆ ಹೊಸದೇನಲ್ಲ. ಆದರೆ ಅವನ ಕಣ್ಣಿಂದ ಬಳಬಳ ನೀರು ಸುರಿಯುವುದನ್ನು ಕಂಡಾಗ ನಗು ನಿಂತುಹೋಯಿತು.

ಜಯಶೀಲಾ ಮಿಸ್ ಓಡಿ ಬಂದು ಅವನ ಟಿಫಿನ್ ಡಬ್ಬಿ ನೋಡಿದರು. ಒಳಗೆ ಹಸಿರು ಸುರುಳಿಯ ಬಿಲ್ಲೆಗಳಿದ್ದವು.

"ಪತ್ರೊಡೆನಾ? ಕೆಸುವಿನೆಲೆಗೆ ನಿಮ್ಮಮ್ಮ ಹುಣಸೆಹಣ್ಣು ಹಾಕಿಲ್ವೇನೋ? ಹುಳಿ ಇಲ್ದಿದ್ರೆ ಕೆರೆಯದೆ ಇರತ್ತಾ?"

"ಬ್ಲಾಗ್ ನೋಡ್ಕೊಂಡು ಮಾಡಿದ್ದು ಮಿಸ್," ನವೀನ್ ಅಳುತ್ತಲೇ ಕೈ ತೋರಿಸಿದ. "ದೀಪಶ್ರೀ ಅಮ್ಮನ ಬ್ಲಾಗು!"

ಇಡೀ ಕ್ಲಾಸು ದೀಪಶ್ರೀಯ ಕಡೆ ತಿರುಗಿತು.

ಮಿಸ್ ತಮ್ಮ ಊಟದ ಬ್ಯಾಗಿನಿಂದ ಮಜ್ಜಿಗೆ ತೆಗೆದು ನವೀನನಿಗೆ ಕುಡಿಸಿದರು. "ಸ್ವಲ್ಪ ಹೊತ್ತಿಗೆ ಹೋಗತ್ತೆ ಬಿಡು. ನೀನು ಗಟ್ಟಿ ಹುಡುಗ. ವಯಸ್ಸಾದವ್ರು, ಹುಷಾರಿಲ್ದವ್ರು ತಿಂದಿದ್ರೆ ಗಂಟ್ಲು ಊದ್ಕೊಂಡು ಉಸಿರಾಡೋಕೂ ಕಷ್ಟ ಆಗ್ತಿತ್ತು."

ಅಮ್ಮ ಪತ್ರೊಡೆ ಮಾಡಿದ ದಿನ ಕಿಟಕಿಯ ಹತ್ತಿರ ಒಂದು ಬಟ್ಟಲಲ್ಲಿ ಹುಣಸೆಹಣ್ಣು ನೆನೆಯುತ್ತಿದ್ದದ್ದು ದೀಪಶ್ರೀಗೆ ಚೆನ್ನಾಗಿ ನೆನಪಿತ್ತು. ಫೋಟೋಕ್ಕೆ ಅಡ್ಡ ಬರುತ್ತದೆಂದು ಆ ಬಟ್ಟಲನ್ನು ಸರಿಸಿದವಳು ಅವಳೇ. ಹಾಗಾದರೆ ಬ್ಲಾಗಿನಲ್ಲಿ ಹುಳಿ ಎಲ್ಲಿ ಹೋಯಿತು?

ಎಲ್ಲಿ ಹೋಯಿತೆಂದು ತಕ್ಷಣ ಹೊಳೆಯಿತು. ಹೊಳೆದ ಮೇಲೆ ಅವಳು ತನ್ನ ಡಬ್ಬಿಯನ್ನು ಹಾಗೇ ಮುಚ್ಚಿಟ್ಟಳು.

ದೀಪಶ್ರೀಯ ಅಮ್ಮ ಶ್ರೀಗೌರಿಯ ಬ್ಲಾಗಿನ ಹೆಸರು 'ಹಬೆ'. ಎಣ್ಣೆ ಇಲ್ಲದ, ಹಬೆಯಲ್ಲಿ ಬೇಯಿಸಿದ ಅಡುಗೆಗಳೇ ಅದರಲ್ಲಿ ಜಾಸ್ತಿ. ಬ್ಲಾಗೆಂದರೆ ಸುಮ್ಮನೆ ಬರೆದು ಹಾಕುವುದಲ್ಲ. ಒಂದು ಅಡುಗೆಯನ್ನು ಅಮ್ಮ ಮತ್ತೆ ಮತ್ತೆ ಮಾಡಿ ನೋಡುತ್ತಿದ್ದಳು. ಉಪ್ಪು ಹೆಚ್ಚಾಯಿತು, ಹಿಟ್ಟು ತೆಳುವಾಯಿತು ಎಂದು ಗೊಣಗುತ್ತಿದ್ದಳು. ಆ ವಾರವೆಲ್ಲ ಮನೆಯವರಿಗೆ ಅದೇ ತಿಂಡಿ. ಆಮೇಲೆ ಕಿಟಕಿಯ ಬೆಳಕಲ್ಲಿ ಫೋಟೋ. ನೆರಳು ಬೀಳದ ಹಾಗೆ ಬಿಳಿ ಚಾರ್ಟ್ ಹಿಡಿದು ನಿಲ್ಲುವುದು ದೀಪಶ್ರೀಯ ಕೆಲಸ.

ಅವಳಿಗೆ ಇನ್ನೂ ದೊಡ್ಡ ಕೆಲಸವೊಂದಿತ್ತು. ಅಮ್ಮ ಬರೆಯುವುದು ಮಾತಾಡಿದ ಹಾಗೆಯೇ. ಅದು ಉದ್ದವಾಗುತ್ತಿತ್ತು. "ನಿಂಗೆ ಅರ್ಥ ಆದ್ರೆ ಊರಿಗೇ ಅರ್ಥ ಆಗತ್ತೆ. ಬೋರ್ ಆಗೋ ಕಡೆ ತೆಗ್ದುಹಾಕು," ಎಂದು ಲ್ಯಾಪ್‌ಟಾಪ್ ಅವಳ ಮುಂದಿಡುತ್ತಿದ್ದಳು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಎಂದು ಅಪ್ಪ ಛೇಡಿಸುತ್ತಿದ್ದರು. ದೀಪಶ್ರೀಗೆ ಮಾತ್ರ ಡಿಲೀಟ್ ಒತ್ತುವುದೆಂದರೆ ಬಲು ಖುಷಿ.

ಪತ್ರೊಡೆಯ ಪೋಸ್ಟಿನಲ್ಲಿ ಒಂದು ಉದ್ದನೆಯ ಪ್ಯಾರಾ ಇತ್ತು. 'ನಮ್ಮಜ್ಜಿಯ ಮನೆಯಲ್ಲಿ' ಎಂದು ಶುರುವಾಗುತ್ತಿತ್ತು. ಅಯ್ಯೋ, ಅಜ್ಜಿ ಕತೆ ಯಾರಿಗೆ ಬೇಕು ಎಂದು ದೀಪಶ್ರೀ ಮುಂದೆ ಓದದೆ ಇಡೀ ಪ್ಯಾರಾ ಡಿಲೀಟ್ ಮಾಡಿದ್ದಳು. ಹುಳಿಯ ವಿಷಯ ಇದ್ದದ್ದು ಅದರಲ್ಲೇ. "ಓಕೆನಾ ಎಡಿಟರ್?" ಎಂದು ಅಮ್ಮ ಕೇಳಿದಳು. "ಓಕೆ," ಎಂದಳು ಮಗಳು. ಅಮ್ಮ ಅದನ್ನು ಮತ್ತೆ ನೋಡದೆ ಪಬ್ಲಿಶ್ ಮಾಡಿಬಿಟ್ಟಳು.

ಶನಿವಾರವಾದ್ದರಿಂದ ಮಧ್ಯಾಹ್ನಕ್ಕೇ ಸ್ಕೂಲು ಬಿಟ್ಟಿತು. ವ್ಯಾನು ಶಿವಮೊಗ್ಗದ ಗೋಪಾಳ ಬಡಾವಣೆಯ ತಿರುವಿಗೆ ಬರುವಾಗ ದೀಪಶ್ರೀಗೆ ಬೆಳಿಗ್ಗೆ ಅಮ್ಮ ಓದಿ ಹೇಳಿದ ಕಮೆಂಟ್ ನೆನಪಾಯಿತು. ಇಳಿದವಳೇ ಮನೆಗೆ ಓಡಿದಳು.

ಅಮ್ಮ ಅಡುಗೆಮನೆಯಲ್ಲಿ ಯಾರೊಂದಿಗೋ ಫೋನಿನಲ್ಲಿದ್ದಳು. "ಹೂಂ, ಎಲ್ಲ ಅವಳೇ ನೋಡೋದು. ಇಗೋ, ಬಂದ್ಲು ನನ್ ಎಡಿಟರ್!"

ದೀಪಶ್ರೀ ನಗಲಿಲ್ಲ. ಲ್ಯಾಪ್‌ಟಾಪ್ ತೆರೆದಳು. ಕಮೆಂಟ್ ಅಲ್ಲೇ ಇತ್ತು.

'ಮೇಡಂ, ನಾನು ಭವಾನಿ, ಭದ್ರಾವತಿ. ಆಪರೇಷನ್ ಆದ ಮೇಲೆ ನಮ್ಮತ್ತೆಗೆ ಎಣ್ಣೆ ಪದಾರ್ಥ ಕೊಡಬಾರದು. ಬಾಯಿಗೆ ಏನೂ ರುಚಿಸುತ್ತಿಲ್ಲ, ಪತ್ರೊಡೆ ಬೇಕು ಅಂತಾರೆ. ನಮ್ಮ ತವರಿನ ಕಡೆ ಈ ಸೊಪ್ಪು ತಿನ್ನಲ್ಲ, ನನಗೆ ಗೊತ್ತಿಲ್ಲ. ನೀವು ಬರೆದ ಹಾಗೇ ಮಾಡುತ್ತೇನೆ. ನ್ಯೂಟೌನ್‌ನಲ್ಲಿ ನಮ್ಮ ಮನೆ ಕೆಳಗೇ ಹಿಟ್ಟಿನ ಗಿರಣಿ ಇದೆ. ಅಕ್ಕಿ ಅಲ್ಲೇ ಬೀಸಿಸಲಾ, ಮಿಕ್ಸಿಯಲ್ಲಿ ರುಬ್ಬಲಾ? ಇವತ್ತು ಸಂಜೆ ಕಾಫಿ ಹೊತ್ತಿಗೆ ಕೊಡಬೇಕು.'

ಮಿಕ್ಸಿಯಲ್ಲೇ ರುಬ್ಬಿ ಎಂದು ಅಮ್ಮ ಉತ್ತರಿಸಿದ್ದಳು.

ದೀಪಶ್ರೀ ಯಾರಿಗೂ ಕಾಣದ ಹಾಗೆ ಪೋಸ್ಟಿನಲ್ಲಿ ಒಂದು ಸಾಲು ಸೇರಿಸಿದಳು: 'ಹುಣಸೆಹಣ್ಣು ಹಾಕಿ ರುಬ್ಬಿ.' ಸರಿಹೋಯಿತು ಎಂದುಕೊಂಡಳು. ಆದರೆ ಭವಾನಿ ಆಂಟಿ ಬೆಳಿಗ್ಗೆಯೇ ಓದಿಕೊಂಡಿದ್ದರಲ್ಲ! ಕಮೆಂಟಿನ ಕೆಳಗೆ 'ಹುಳಿ ಹಾಕಿ, ಪ್ಲೀಸ್' ಎಂದು ಬರೆದಳು. ಕಾದಳು. ಉತ್ತರ ಬರಲಿಲ್ಲ.

ಅವಳು ಕಾಣದ ಆ ಭದ್ರಾವತಿಯ ಅಜ್ಜಿ ಕಣ್ಣ ಮುಂದೆ ಬಂದು ಕೂತರು. ಗಂಟಲು ಹಿಡಿದುಕೊಂಡು, ಉಸಿರಿಗೆ ಒದ್ದಾಡುತ್ತಾ. ಹೇಳಿದರೆ ಅಮ್ಮ ಇನ್ನೆಂದೂ ತನ್ನನ್ನು ಎಡಿಟರ್ ಎನ್ನುವುದಿಲ್ಲ. ಹೇಳದಿದ್ದರೆ?

"ಅಮ್ಮಾ," ಎಂದಳು. "ಪತ್ರೊಡೇಲಿ ಹುಳಿ ಇಲ್ಲ."

"ಇದೆ ಮಾರಾಯ್ತಿ. ನಾನೇ ಬರ್ದಿದೀನಲ್ಲ."

"ನಾನು ತೆಗ್ದೆ. ಅಜ್ಜಿ ಪ್ಯಾರಾ ಬೋರ್ ಅಂತ... ನವೀನಂಗೆ ನಾಲಿಗೆ ಎಲ್ಲ ಕೆರೆದು ಅತ್ತ. ಭದ್ರಾವತಿ ಅಜ್ಜಿ ಇವತ್ತು ತಿಂತಾರೆ ಅಮ್ಮಾ!"

ಬೈಗುಳ ಬೀಳುತ್ತದೆಂದು ಅವಳು ಕಣ್ಣು ಮುಚ್ಚಿಕೊಂಡಳು. ಬೀಳಲಿಲ್ಲ. ಕಣ್ಣು ತೆರೆದರೆ ಅಮ್ಮನ ಮುಖ ಬಿಳಿಚಿಕೊಂಡಿತ್ತು. ಅಮ್ಮ ಹೆದರಿದ್ದನ್ನು ದೀಪಶ್ರೀ ಅದುವರೆಗೆ ನೋಡಿರಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅಮ್ಮ ಒಲೆ ಆರಿಸಿ ಸ್ಕೂಟರಿನ ಕೀ ತೆಗೆದುಕೊಂಡಳು. "ಅವ್ರ ಫೋನ್ ನಂಬರ್ ಇಲ್ಲ. ಹೆಲ್ಮೆಟ್ ಹಾಕ್ಕೋ."

ಭದ್ರಾವತಿ ರಸ್ತೆಯುದ್ದಕ್ಕೂ ದೀಪಶ್ರೀ ಅಮ್ಮನ ಸೊಂಟ ಬಿಗಿಯಾಗಿ ಹಿಡಿದು ಕೂತಳು. ಲಾರಿಗಳು ದಾರಿ ಬಿಡುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಎದುರಿನಿಂದ ಆಂಬುಲೆನ್ಸ್ ಒಂದು ಕೂಗುತ್ತಾ ಬಂದು ಶಿವಮೊಗ್ಗದ ಕಡೆ ಹೋಯಿತು.

"ಅಮ್ಮಾ, ಅದ್ರಲ್ಲಿ..."

"ಸುಮ್ನಿರು ಪುಟ್ಟಾ," ಎಂದಳು ಅಮ್ಮ. ಸ್ಕೂಟರಿನ ವೇಗ ಹೆಚ್ಚಿಸಿದಳು.

ನ್ಯೂಟೌನ್‌ನಲ್ಲಿ ಮೊದಲು ಸಿಕ್ಕಿದ ಗಿರಣಿಯ ಮೇಲಿನ ಮನೆಗೆ ಬೀಗ ಹಾಕಿತ್ತು. ಆಸ್ಪತ್ರೆಗೇ ಹೋಗಿರಬೇಕೆಂದು ದೀಪಶ್ರೀಗೆ ಅಳು ಉಕ್ಕಿ ಬಂತು. ಅಮ್ಮ ಕೆಳಗಿಳಿದು ಗಿರಣಿಯಲ್ಲಿ ವಿಚಾರಿಸಿದಳು. "ಭವಾನಿಯಕ್ಕನ ಮನೆ ಇದಲ್ಲ," ಎಂದ ಗಿರಣಿಯವನು. "ಹಿಂದಿನ್ ರೋಡಲ್ಲಿ ಇನ್ನೊಂದ್ ಮಿಲ್ ಐತಲ್ಲ, ಅದ್ರ ಮೇಲೆ."

ಆ ಮನೆಯ ಮೆಟ್ಟಿಲು ಹತ್ತುವಾಗಲೇ ಬೆಂದ ಕೆಸುವಿನ ವಾಸನೆ ಬಂತು. ಬಾಗಿಲು ತೆರೆದಿತ್ತು. ಮಂಚದ ಮೇಲೆ ಸಣಕಲು ಅಜ್ಜಿಯೊಬ್ಬರು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಬಿಸಿ ಬಿಲ್ಲೆಯೊಂದನ್ನು ಊದುತ್ತಿದ್ದರು.

"ತಿನ್ಬೇಡಿ ಅಜ್ಜೀ!"

ದೀಪಶ್ರೀ ಚಪ್ಪಲಿ ಸಮೇತ ಒಳಗೆ ನುಗ್ಗಿದ್ದಳು. ಅಜ್ಜಿಯ ಕೈಯಿಂದ ಬಿಲ್ಲೆ ತಟ್ಟೆಗೆ ಬಿತ್ತು. ಭವಾನಿ ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದರು. "ಯಾರ್ರೀ ನೀವು?"

ಅಮ್ಮ ತನ್ನ ಹೆಸರು ಹೇಳಿದಳು. ಆಮೇಲೆ ಸುಮ್ಮನೆ ಮಗಳ ಕಡೆ ನೋಡಿದಳು. ಮುಂದಿನದನ್ನು ತಾನೇ ಹೇಳಬೇಕೆಂದು ದೀಪಶ್ರೀಗೆ ಅರ್ಥವಾಯಿತು. ಬಿಕ್ಕುತ್ತಾ ಎಲ್ಲ ಹೇಳಿದಳು. "ನಾನು ಆ ಪ್ಯಾರಾ ಪೂರ್ತಿ ಓದ್ಲೇ ಇಲ್ಲ ಅಜ್ಜಿ. ಅಜ್ಜಿ ಅಂತ ಇತ್ತಲ್ಲ, ಅಷ್ಟಕ್ಕೇ ತೆಗ್ದೆ."

"ಸರಿಹೋಯ್ತು! ಅಜ್ಜಿ ಅಂದ್ರೆ ಬೋರೇನೇ?" ಎಂದರು ಮಂಚದ ಮೇಲಿದ್ದ ಅಜ್ಜಿ ಜಗದಾಂಬಮ್ಮ. ಕೋಪ ಬಂದಿತ್ತೋ ನಗು ಬಂದಿತ್ತೋ ತಿಳಿಯಲಿಲ್ಲ. "ಅಂಥಾದ್ದೇನಿತ್ತು ಅದ್ರಲ್ಲಿ? ಹೇಳಮ್ಮ ಶ್ರೀಗೌರಿ, ನಾನಾದ್ರೂ ಕೇಳ್ತೀನಿ."

ಉಳಿದ ಹಿಟ್ಟಿಗೆ ಹುಣಸೆರಸ ಬೆರೆಸುತ್ತಾ ಅಮ್ಮ ಹೇಳಿದಳು.

"ಆಗ ನಂಗೂ ಇವಳಷ್ಟೇ ವಯಸ್ಸು. ಅಜ್ಜಿ ಮನೇಲಿ ನಾನೇ ಪತ್ರೊಡೆ ಮಾಡ್ತೀನಂತ ಹಟ ಮಾಡಿದ್ದೆ. ಹುಳಿ ಹಾಕೋದು ಮರ್ತೆ. ಮೊದಲ್ನೇ ಬಿಲ್ಲೆ ತಮ್ಮನ ಬಾಯಿಗೆ ಇಟ್ಟೆ. ಪುಟ್ಟ ಮಗು ಅದು. ಕೂಗ್ಕೊಂಡು ಕೂಗ್ಕೊಂಡು ದನೀನೇ ಬಿದ್ದುಹೋಯ್ತು. ಸತ್ತೇ ಹೋಗ್ತಾನೆ ಅಂತ ನಾನು ಹಿತ್ಲಲ್ಲಿ ಬಚ್ಚಿಟ್ಕೊಂಡಿದ್ದೆ. ಅಜ್ಜಿ ಹುಡುಕ್ಕೊಂಡು ಬಂದು ಹೇಳಿದ್ರು, ಇನ್ಮೇಲೆ ಹುಳಿ ನೆನೆಹಾಕಿ ಆಮೇಲೆ ಕೆಸು ಮುಟ್ಟು ಅಂತ. ಅಷ್ಟೇ ಕತೆ."

ದೀಪಶ್ರೀ ಎಲೆಯ ಬೆನ್ನಿಗೆ ಹಿಟ್ಟು ಸವರುವುದನ್ನು ನಿಲ್ಲಿಸಿ ಅಮ್ಮನನ್ನೇ ನೋಡಿದಳು. ಹಿತ್ತಲಲ್ಲಿ ಬಚ್ಚಿಟ್ಟುಕೊಂಡ ಆ ಹುಡುಗಿಗೆ ಹೇಗಾಗಿತ್ತೆಂದು ಅವಳಿಗೆ ಇವತ್ತು ಯಾರೂ ಹೇಳಿಕೊಡಬೇಕಿರಲಿಲ್ಲ.

ಹೊಸ ಪತ್ರೊಡೆ ಬೆಂದಿತು. ಅಮ್ಮ ಮೊದಲು ತಾನು ತಿಂದು ನೋಡಿದಳು. ಆಮೇಲೆ ಜಗದಾಂಬಮ್ಮ ಒಂದು ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದರು. ಅವರು ನುಂಗುವವರೆಗೂ ದೀಪಶ್ರೀ ಉಸಿರು ಬಿಡಲಿಲ್ಲ.

"ಇನ್ನೊಂದು ಹಾಕು," ಎಂದರು ಅಜ್ಜಿ.

ಭಾನುವಾರ ಬೆಳಿಗ್ಗೆ ಅಮ್ಮ ಆ ಪ್ಯಾರಾವನ್ನು ಮತ್ತೆ ಬರೆದಳು. ಈ ಸಲ ಅದು ಮೊದಲಿಗಿಂತಲೂ ಉದ್ದವಾಗಿತ್ತು. ಬರೆದು ಮುಗಿಸಿ, ಏನೂ ಆಗಿಲ್ಲವೆಂಬಂತೆ ಲ್ಯಾಪ್‌ಟಾಪನ್ನು ಮಗಳ ಮುಂದೆ ಸರಿಸಿದಳು.

ದೀಪಶ್ರೀ ಪರದೆಯನ್ನೇ ನೋಡುತ್ತಾ ಕೂತಳು. "ನಾನೇ ನೋಡ್ಲಾ?"

"ಮತ್ಯಾರು? ನಾನೂ ಆಮೇಲೆ ಒಂದ್ಸಲ ಓದ್ತೀನಿ. ಮೊನ್ನೆ ನಾನೂ ಓದ್ಬೇಕಿತ್ತು. ಬೋರ್ ಆಗೋ ಕಡೆ ಹೇಳು."

ಅವಳು ಮೊದಲಿಂದ ಕೊನೆವರೆಗೆ ಬೆರಳಿಟ್ಟುಕೊಂಡು ಓದಿದಳು. ನಡುವೆ ಒಂದು ಕಡೆ ನಿಜವಾಗಿಯೂ ಸ್ವಲ್ಪ ಬೋರಾಯಿತು. ಅಲ್ಲಿ ನಿಂತು, ಮತ್ತೊಮ್ಮೆ ಓದಿದಳು. ಆಮೇಲೆ ಡಿಲೀಟ್ ಬಿಟ್ಟು, ಕೊನೆಯಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು:

'ಹುಳಿ ಬಿಟ್ಟರೆ ಏನಾಗುತ್ತದೆ ಎಂದು ನನ್ನ ಕ್ಲಾಸಿನ ನವೀನನನ್ನು ಕೇಳಿ. ಮೊನ್ನೆ ಈ ಪ್ಯಾರಾ ತೆಗೆದುಹಾಕಿದ್ದು ನಾನು, ದೀಪಶ್ರೀ.'

"ಇನ್ನೂ ಉದ್ದ ಆಯ್ತಲ್ಲೇ," ಎಂದಳು ಅಮ್ಮ.

"ಇರ್ಲಿ ಅಮ್ಮ," ಎಂದಳು ದೀಪಶ್ರೀ.