ಗಗನಾಳ ಹೆಜ್ಜೆ ಮೂಡಿದ ಜೇಡಿಮಣ್ಣು

ಚಪ್ಪಡಿ ಕಲ್ಲಿಗೆ ನಾಲ್ಕು ಸಾವಿರದ ಇನ್ನೂರು, ಎರಡು ಲೋಡು ಗ್ರಾವೆಲ್ಲಿಗೆ ಒಂಬೈನೂರು, ಮರಳಿಗೆ ಆರುನೂರು, ಗಾರೆ ಕೆಲಸದ ಹುಲಿಯಪ್ಪನಿಗೆ ದಿನಕ್ಕೆ ನೂರಿಪ್ಪತ್ತು ಕೂಲಿ. ಗುರುಪ್ರಸಾದ್ ಚೀಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಿದ: ಅಗೆದ ಜೇಡಿಮಣ್ಣನ್ನು ಇಟ್ಟಿಗೆ ಭಟ್ಟಿಗೆ ಮಾರಿದರೆ ಮುನ್ನೂರು ವಾಪಸ್.

"ಆ ಸಾಲು ಹೊಡೆದುಹಾಕಿ ಸಾರ್," ಅಂದ ಹುಲಿಯಪ್ಪ. "ಈ ಮಣ್ಣು ಬೆಂಕಿಗೆ ಹೋಗೋ ಹಂಗಿಲ್ಲ."

ಗುರುಪ್ರಸಾದ್ ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಭದ್ರಾವತಿಗೆ ವರ್ಗವಾಗಿ ಬಂದು, ಹಳೇ ನಗರದಲ್ಲಿ ಆ ಮನೆ ಕೊಂಡು ಮೂರು ತಿಂಗಳೂ ಆಗಿರಲಿಲ್ಲ. ಅಂಗಳದ ಜೇಡಿ ಮಳೆಗೆ ಉಬ್ಬಿ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುತ್ತಿತ್ತು. ಹಿಂದಿನವರು ಅದರ ಮೇಲೇ ಹಾಸಿದ್ದ ಕಲ್ಲುಗಳು ಮುದುಕನ ಹಲ್ಲಿನಂತೆ ಅಲ್ಲಾಡುತ್ತಿದ್ದವು. ಏಳು ವರ್ಷದ ಮಗಳು ಗಗನಾಗೆ ಕುಂಟೆಬಿಲ್ಲೆಯ ಹುಚ್ಚು. ಆ ಕಲ್ಲುಗಳ ಮೇಲೆ ಒಂಟಿ ಕಾಲಲ್ಲಿ ಕುಪ್ಪಳಿಸಿ ಎರಡು ಸಲ ಮಂಡಿ ಒಡೆದುಕೊಂಡಿದ್ದಳು.

"ಅಲ್ಲಾಡದಂಥ ಅಂಗಳ ಮಾಡಿಸಿಕೊಡ್ತೀನಿ ಪುಟ್ಟಿ," ಎಂದು ಮಾತು ಕೊಟ್ಟಿದ್ದ.

ಹುಲಿಯಪ್ಪ ಕೆಲಸ ಬಲ್ಲವನು. ಜೇಡಿಯನ್ನು ಒಂದೂವರೆ ಅಡಿ ತೆಗೆಯಬೇಕು, ಗ್ರಾವೆಲ್ಲನ್ನು ಪದರ ಪದರವಾಗಿ ಹರಡಿ ನೀರು ಹಾಕಿ ದಿಮ್ಮಸ್ಸಿನಿಂದ ಬಡಿದು ಗಟ್ಟಿ ಮಾಡಬೇಕು, ಮೇಲೆ ಮರಳು, ಚರಂಡಿಯ ಕಡೆಗೆ ಸಣ್ಣ ಇಳಿಜಾರು. ಅದೆಲ್ಲ ಹೇಳಿ ಮುಗಿಸಿ ದನಿ ತಗ್ಗಿಸಿದ.

"ಇಲ್ಲಿ ಹಿಂದೆ ಭೂತಪ್ಪ ಅಂತ ಒಬ್ಬ ಮಾಟಗಾರ ಇದ್ದ. ಯಾರನ್ನ ಮುಗಿಸಬೇಕೋ ಅವರನ್ನ ಕರೆಸಿ ಒದ್ದೆ ಅಂಗಳ ತುಳಿಸೋನು. ಹೆಜ್ಜೆ ಮೂಡಿದ ಮಣ್ಣು ಕಿತ್ತು ಸುಡೋನು. ಸುಟ್ಟೂ ಸುಟ್ಟೂ ಮಣ್ಣೇ ಆ ಕೆಲಸ ಕಲ್ತುಬಿಟ್ಟಿದೆ ಸಾರ್. ಈಗ ಮಂತ್ರ ಹೇಳೋಕೆ ಯಾರೂ ಬೇಕಿಲ್ಲ."

"ಮಣ್ಣಿಗೂ ಸ್ಕೂಲಿತ್ತಾ ಮಾರಾಯ? ಎಷ್ಟನೇ ಕ್ಲಾಸು ಪಾಸಾಗಿದೆ?"

ಹುಲಿಯಪ್ಪ ನಗಲಿಲ್ಲ. ಮಣ್ಣನ್ನು ಹಿತ್ತಲ ಗುಂಡಿಗೇ ತುಂಬೋಣ ಎಂದು ದಿನಾ ಗೋಗರೆದ. ಸಂಜೆ ಕೆಲಸ ಬಿಡುವ ಮುಂಚೆ, ಅಗೆದ ಗುಡ್ಡೆಯ ಮೇಲೆ ಮೂಡಿದ ಒಂದೊಂದು ಹೆಜ್ಜೆಯನ್ನೂ ಕರಣೆಯಿಂದ ಸವರಿ ಅಳಿಸುತ್ತಿದ್ದ. ತನ್ನದನ್ನೂ, ಕಾಗೆಯದನ್ನೂ.

ಅಮಾವಾಸ್ಯೆಯ ದಿನ ಅವನು ಕರಣೆ ಮುಟ್ಟುತ್ತಿರಲಿಲ್ಲ, ಕೆಲಸಕ್ಕೇ ಬರುತ್ತಿರಲಿಲ್ಲ. ಗುರುಪ್ರಸಾದ್ ಅವತ್ತೇ ನೋಡಿಕೊಂಡು ಭಟ್ಟಿಯ ಟ್ರ್ಯಾಕ್ಟರ್ ಕರೆಸಿದ. ಹಿಂದಿನ ಸಂಜೆ ಮಾರ್ಚ್ ತಿಂಗಳ ಒಂದು ಮಳೆ ಬಿದ್ದು ಗುಡ್ಡೆ ಬೆಣ್ಣೆಯಂತಾಗಿತ್ತು. ಗಗನಾ ಓಡಿಬಂದು ಅದರ ಮೇಲೆ ಎಗರಿದಳು. ಎಡಗಾಲಿನ ಅಚ್ಚು ಮೂಡಿತು. ಐದು ಬೆರಳು, ಹಿಮ್ಮಡಿಯ ಗೆರೆಗಳೂ ಸ್ಪಷ್ಟ. ಅಳಿಸಲು ಒಂದು ಅಂಗೈ ಸಾಕಿತ್ತು. ಗುರುಪ್ರಸಾದ್ ಸನಿಕೆಯಿಂದ ಆ ಹೆಂಟೆಯನ್ನು ಸುತ್ತಲೂ ಕತ್ತರಿಸಿ, ಕೆಡದಂತೆ ಎತ್ತಿ, ಲೋಡಿನ ಮೇಲಿಟ್ಟ.

"ಇದನ್ನ ಹೀಗೇ ಸುಟ್ಟು ವಾಪಸ್ ಕೊಡು," ಅಂದ ಡ್ರೈವರಿಗೆ. "ನಮ್ಮ ಹುಲಿಯಪ್ಪನಿಗೆ ಬಹುಮಾನ ಕೊಡಬೇಕು."

ಮರುದಿನ ಹುಲಿಯಪ್ಪ ಖಾಲಿ ಜಾಗ ನೋಡಿ ಒಂದೇ ಮಾತು ಕೇಳಿದ. "ಹೆಜ್ಜೆ ಅಳಿಸಿದ್ರಾ?"

ಗುರುಪ್ರಸಾದ್ ನಗುತ್ತಾ ನಡೆದದ್ದು ಹೇಳಿದ. ಹುಲಿಯಪ್ಪ ಬಗ್ಗಿ ಅವನ ಕಾಲಿಗೆ ಕೈ ಹಾಕಿದ.

"ನಿಮ್ಮ ಕಾಲು ಹಿಡ್ಕೊಳ್ತೀನಿ, ಈಗ್ಲೇ ಹೋಗಿ ತನ್ನಿ. ಹಸಿ ಇದ್ದಾಗ ನೀರಲ್ಲಿ ಕರಗಿಸಿದ್ರೆ ಮುಗೀತು."

"ನೀನು ಗ್ರಾವೆಲ್ ಹರಡು."

ಹತ್ತು ದಿನ ದಿಮ್ಮಸ್ಸಿನ, ಕಲ್ಲು ಕೂರಿಸುವ ಸದ್ದು ಮನೆಯನ್ನು ನಡುಗಿಸಿತು. ಆ ಹತ್ತು ದಿನದಲ್ಲಿ ಗಗನಾಳ ಎಡಪಾದ ಒಣಗತೊಡಗಿತು. ಮೊದಲು ಬಿಳಿಚಿತು. ಆಮೇಲೆ ಕೆರೆಯಂಗಳದಂತೆ ಬಿರಿಯಿತು. ಬಿರುಕಿನಲ್ಲಿ ರಕ್ತವಿರಲಿಲ್ಲ. ಎಷ್ಟು ಸಾಬೂನು ಹಾಕಿದರೂ ಹಸಿ ಜೇಡಿಯ ವಾಸನೆ ಹೋಗಲಿಲ್ಲ. ಹೆಂಡತಿ ಶಾಮಲಾ ಕಣ್ಣಲ್ಲಿ ನೀರು ತಂದುಕೊಂಡು, "ಹುಲಿಯಪ್ಪ ಹೇಳಿದ್ದು ಒಂದ್ಸಲ ಕೇಳಬಾರದಾ ರೀ?" ಅಂದಳು. "ಸ್ಕಿನ್ ಅಲರ್ಜಿ," ಅಂದು ಗುರುಪ್ರಸಾದ್ ಮುಲಾಮು ತಂದ.

ಹನ್ನೊಂದನೆಯ ದಿನ ಮಧ್ಯಾಹ್ನ. ಹುಲಿಯಪ್ಪ ಕೊನೆಯ ಕಲ್ಲು ಕೂರಿಸಿ ಮಟ್ಟ ನೋಡುತ್ತಿದ್ದ. ಒಳಗಿಂದ ಕಿರುಚು ಬಂತು.

"ಅಪ್ಪಾ, ಕಾಲು ಸುಡ್ತಿದೆ!"

ಅಂಗಾಲು ಕೆಂಡದ ಬಣ್ಣಕ್ಕೆ ತಿರುಗಿತ್ತು. ಕಾದ ಮಣ್ಣಿನ ವಾಸನೆ. ಅದರೊಳಗೆ ಇನ್ನೊಂದು ವಾಸನೆ, ಮಾಂಸದ್ದು. ಶಾಮಲಾ ಮಗಳ ಪಾದದ ಹತ್ತಿರ ಕೈ ಒಯ್ದು ಚೀರಿ ಹಿಂತೆಗೆದಳು. ಬೆರಳ ತುದಿ ಬೊಬ್ಬೆಯೆದ್ದಿತ್ತು.

ಬಾಗಿಲಲ್ಲಿ ನಿಂತ ಹುಲಿಯಪ್ಪ ಮೆಲ್ಲಗೆ ಹೇಳಿದ: "ಭಟ್ಟಿಗೆ ಬೆಂಕಿ ಹಾಕಿದಾರೆ."

ಸ್ಕೂಟರು. ಸೇತುವೆ. ಹೊಳೆದಂಡೆ. ಹುಲಿಯಪ್ಪ ಹೇಳಿದ್ದನ್ನು ನಂಬದೆ ಗುರುಪ್ರಸಾದ್‌ಗೆ ಈಗ ಬೇರೆ ದಾರಿ ಇರಲಿಲ್ಲ. ಭಟ್ಟಿ ಗುಡುಗುಡು ಉಸಿರಾಡುತ್ತಿತ್ತು. ಕಪ್ಪು ಹೊಗೆ ಬಿಸಿಲನ್ನೇ ನುಂಗಿತ್ತು. ಬೆಂಕಿಗೆ ಸೌದೆ ಒಡ್ಡುತ್ತಿದ್ದ ಭಟ್ಟಿಯ ಕೆಲಸದವಳು ಪುಷ್ಪಮ್ಮನ ಮುಂದೆ ಹೋಗಿ ಬಿದ್ದ.

"ನನ್ನ ಮಗಳ ಹೆಜ್ಜೆ! ಎಲ್ಲಮ್ಮಾ ಅದು?"

"ಬೇಗ ಬೇಯಲಿ ಅಂತ ಬಾಯ ಹತ್ರಾನೇ ಇಟ್ಟಿದೀವಿ ಸಾ."

ಕಬ್ಬಿಣದ ಕೊಕ್ಕೆ ಕಿತ್ತುಕೊಂಡ. ಬೆಂಕಿಯ ಬಾಯಿಗೆ ತಲೆ ಒಡ್ಡಿದ. ಹುಬ್ಬು ಸುಟ್ಟಿತು. ಎಳೆದ. ಜಾರಿತು. ಮತ್ತೆ ಎಳೆದ. ಹೆಂಟೆ ಹೊರಗೆ ಬಿತ್ತು. ಕೆಂಪಗೆ. ಐದು ಬೆರಳು ಕೆಂಪಗೆ. ಅದರೊಳಗಿಂದ ಸಣ್ಣಗೆ ಅಳು. ಗಗನಾಳದೇ ಅಳು. ಅಪ್ಪಾ, ಉರಿ. ಅಪ್ಪಾ.

ಪಕ್ಕದಲ್ಲಿ ನೀರಿನ ಬಕೆಟ್ ಇತ್ತು.

"ಬೇಡ ಸಾ! ತಾನಾಗಿ ಆರಬೇಕು!" ಪುಷ್ಪಮ್ಮ ಕೂಗಿದಳು.

ಕಾದ ಗಾಜಿಗೆ ತಣ್ಣೀರು ಬಿದ್ದರೆ ಏನಾಗುತ್ತದೆಂದು ಅವನು ಹನ್ನೆರಡು ವರ್ಷ ಪಾಠ ಹೇಳಿದ್ದ. ಅಳು ಇನ್ನೊಮ್ಮೆ ಕೇಳಿತು. ಬಕೆಟ್ ಎತ್ತಿ ಸುರಿದ.

ಭುಸ್ಸೆಂದಿತು. ಹಬೆ. ಟಪ್ ಎಂಬ ಒಂದು ಸದ್ದು. ಹೆಂಟೆ ಹಿಮ್ಮಡಿಯ ಹತ್ತಿರ ಅಡ್ಡಕ್ಕೆ ಎರಡು ಹೋಳಾಗಿತ್ತು.

ಅಳು ನಿಂತಿತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ, ಮೂಳೆ ಒಳಗಿಂದಲೇ ಬೆಂದು ಸೀಳಿದೆ, ಹೇಗೆಂದು ತಿಳಿಯುತ್ತಿಲ್ಲ ಎಂದರು. ಪಾದ ಉಳಿಯಲಿಲ್ಲ.

ಮಣ್ಣು ಮಾರಿ ಬಂದದ್ದು ಮುನ್ನೂರು ರೂಪಾಯಿ. ಅಂಗಳ ನಾಲ್ಕು ಮಳೆಗಾಲ ಕಂಡಿದೆ. ಒಂದು ಕಲ್ಲೂ ಕುಸಿದಿಲ್ಲ, ಅಲ್ಲಾಡಿಲ್ಲ. ಅದರ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಗಗನಾ ಈಗಲೂ ಕುಂಟೆಬಿಲ್ಲೆ ಆಡುತ್ತಾಳೆ. ಅವಳಿಗಿರುವುದು ಬಲಗಾಲು ಒಂದೇ.