ಕೋಮಲಕ್ಕನ ಉಡಿ

“ತಗೋ ಹುಲುಗ್ಯಾ, ಹೊಸಾದೈತಿ,” ಎಂದು ಬಸಲಿಂಗಜ್ಜಿ ಟವೆಲ್ ಒಂದನ್ನು ಮುಂದೆ ಚಾಚಿದಳು.

ಸಮತಾಳ ಕೈಯಲ್ಲಿದ್ದ ಶೇಂಗಾ ಉಂಡೆ ಬಾಯಿಯ ಹತ್ತಿರವೇ ನಿಂತಿತು. ಟವೆಲ್ ಕೊಡುವುದು ಗಂಡುಮಕ್ಕಳಿಗೆ. ಪಂಚಮಿಗೆ ಬಂದು ಹೊರಟ ಹೆಣ್ಣುಮಕ್ಕಳಿಗೆ, ಮದುವೆಯಾಗಿರಲಿ ಬಿಡಲಿ, ಈ ಮನೆಯಲ್ಲಿ ಉಡಿ ತುಂಬುತ್ತಾರೆ. ಈಗಷ್ಟೇ ಅಂಜಿನಕ್ಕತ್ತೆಯ ಸೆರಗಿಗೆ ಅಜ್ಜಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬು, ಎಲೆಅಡಿಕೆ ಹಾಕಿದ್ದಳು. ಅತ್ತೆ ಅದರಲ್ಲಿ ನಾಲ್ಕು ಕಾಳು ಮರಳಿ ಮೊರಕ್ಕೆ ಹಾಕಿ ಊರಿಗೆ ಹೊರಟಿದ್ದಳು.

“ಅಜ್ಜಿ, ಅಕಿ ಹುಲುಗೇಶ ಅಲ್ಲ. ಕೋಮಲಕ್ಕ.” ಸಮತಾ ಬ್ಯಾಗ್ ಹಿಡಿದು ಹೊರಟು ನಿಂತಿದ್ದ ಅಕ್ಕನನ್ನು ತೋರಿಸಿದಳು.

“ನಾನ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ಕೂಸು ಅದು. ನನಗ ನೀ ಹೇಳಬ್ಯಾಡ.”

ಕೋಮಲಾ ಟವೆಲನ್ನು ಬ್ಯಾಗಿಗೆ ಹಾಕಿಕೊಂಡಳು. ಕಳೆದ ವರ್ಷದವರೆಗೆ ಅವಳು ಎಲ್ಲರಿಗೂ ಹುಲುಗೇಶನೇ. ತಾನು ಹುಡುಗಿ, ಮೊದಲಿನಿಂದಲೂ ಹುಡುಗಿಯೇ ಎಂದು ಅವಳು ಹೇಳಿದ ಮೇಲೆ ಅಪ್ಪ ಅವ್ವ ತಡವರಿಸುತ್ತಲೇ ಕೋಮಲಾ ಎನ್ನಲು ಕಲಿತರು. ಹೊಸಪೇಟೆಯಲ್ಲಿ ಅವಳು ಕೆಲಸ ಮಾಡುವ ಲ್ಯಾಬಿನವರೂ ಕಲಿತರು. ಅಜ್ಜಿಯೊಬ್ಬಳೇ ಉಳಿದಿದ್ದಳು.

“ಮುಂದಿನ ಪಂಚಮಿಗೆ ನಾ ಬರೂದಿಲ್ಲ, ಸಮ್ಮಿ,” ಕೋಮಲಾ ಪಿಸುಗುಟ್ಟಿದಳು. “ಅಜ್ಜಿಗೂ ಆರಾಮ, ನನಗೂ ಆರಾಮ.”

ಸಮತಾಳಿಗೆ ಸಿಟ್ಟು ಬಂದಿತು. ಇದು ಯಾವ ನ್ಯಾಯ? ಹಾಜರಿ ಕರೆಯುವಾಗ ಸರ್ ಮರೆತು ‘ಮಮತಾ’ ಎಂದರೆ, ತಿದ್ದಿ ಕರೆಯುವವರೆಗೂ ಅವಳು ತುಟಿ ಬಿಚ್ಚುತ್ತಿರಲಿಲ್ಲ. ಅಕ್ಕನ ಹೆಸರಿಗೆ ಅಷ್ಟೂ ಬೆಲೆಯಿಲ್ಲವೇ?

ಅವಳು ಉಂಡೆ ಬದಿಗಿಟ್ಟು ಮೊರ ಎತ್ತಿಕೊಂಡಳು. “ಅಕ್ಕಾ, ವೇಲ್ ಹಿಡಿ. ನಾನ ತುಂಬ್ತೀನಿ.”

“ನಿನಗ ಯಾರಲೇ ಹೇಳಿದ್ದು?” ಎಂದಳು ಅಜ್ಜಿ.

“ಯಾರೂ ಇಲ್ಲ. ಪ್ರಾಕ್ಟೀಸ್.”

ಅಜ್ಜಿ ಮುಖ ಆಚೆ ತಿರುಗಿಸಿದಳು. ಕಣ್ಣು ಮಾತ್ರ ಇತ್ತಲೇ ಇತ್ತು.

“ನಿಂತಾರಿಗೆ ತುಂಬಬಾರದು. ಮಣಿ ಹಾಕಿ ಕುಂದರಸು.”

ಸಮತಾ ಹಾಕಿದ ಮಣೆಯ ಮೇಲೆ ಕೋಮಲಾ ಕುಳಿತಳು.

“ಮೂಡಲಕ್ಕ ಮುಖ ಮಾಡ್ಸು. ಅದು ಬಚ್ಚಲ ಕಡಿ ಐತಿ.”

ಕೋಮಲಾ ತಿರುಗಿ ಕುಳಿತಳು.

“ಕುಂಕುಮ ಮೊದ್ಲು. ಸಾಲ್ಯಾಗ ಏನ್ ಕಲಸ್ತಾರ ನಿಮಗ?”

“ಇದು ಸಿಲಬಸ್‌ನಾಗ ಇಲ್ಲಜ್ಜಿ,” ಎನ್ನುತ್ತ ಸಮತಾ ಒಂದೇ ಕೈಯಿಂದ ಅಕ್ಕಿ ಎತ್ತಿದಳು.

ಅಷ್ಟು ದೊಡ್ಡ ತಪ್ಪನ್ನು ಕಂಡು ಸುಮ್ಮನಿರುವುದು ಅಜ್ಜಿಯಿಂದ ಆಗದ ಕೆಲಸ. “ಸರಿ ಆಕಡಿ,” ಎಂದು ಮೊರ ಕಿತ್ತುಕೊಂಡಳು. ಕುಂಕುಮ ಹಚ್ಚಿದಳು. ಬೊಗಸೆ ತುಂಬ ಅಕ್ಕಿ ಹಾಕಿ, ಕೊಬ್ಬರಿ ಇಟ್ಟಳು, ಅರಿಶಿನದ ಕೊಂಬು ಇಟ್ಟಳು. ಎಲೆಅಡಿಕೆ ಇಡುವಾಗ ಅವಳ ಕೈ ತಡೆಯಿತು. ತಾನೇನು ಮಾಡುತ್ತಿದ್ದೇನೆಂಬುದು ಆಗ ಹೊಳೆದಿರಬೇಕು.



ಅಜ್ಜಿ ಎಲೆಅಡಿಕೆ ಇಟ್ಟಳು. ಬರಿದಾದ ಮೊರವನ್ನು ಮುಂದೆ ಹಿಡಿದಳು. “ಏನ್ ನೋಡ್ತಿ ಹುಲುಗ್ಯಾ? ನಾಕು ಕಾಳು ವಾಪಸ್ ಹಾಕು. ತವರಿಗೆ ಇರ್ಲಿ.”

ಹೆಸರು ಮತ್ತೆ ತಪ್ಪಿತ್ತು. ತಿದ್ದಲೆಂದು ಸಮತಾ ಬಾಯಿ ತೆರೆದಳು. ಆದರೆ, ತವರು? ಅಪ್ಪನಿಗೆ ಈ ಮನೆಯನ್ನು ಅಜ್ಜಿ ಎಂದೂ ತವರು ಎಂದಿರಲಿಲ್ಲ. ಅಂಜಿನಕ್ಕತ್ತೆಗೆ ಮಾತ್ರ ಹಾಗೆನ್ನುತ್ತಿದ್ದಳು.

ಕೋಮಲಾ ಕಾಳು ಹಾಕಿದಳು. ಬ್ಯಾಗಿನಿಂದ ಟವೆಲ್ ತೆಗೆದು, ಉಡಿಯನ್ನು ಅದರಲ್ಲೇ ಗಂಟು ಕಟ್ಟತೊಡಗಿದಳು.

“ಬಿಗಿಯಾಗಿ ಕಟ್ಟು, ಬಸ್ಸಿನಾಗ ಚೆಲ್ಲೀತು,” ಎಂದಳು ಅಜ್ಜಿ.

“ಮುಂದಿನ ಪಂಚಮಿಗೆ ಎಳ್ಳುಂಡಿನೂ ಮಾಡಜ್ಜಿ,” ಎಂದಳು ಕೋಮಲಾ.

ಹೊರಗೆ ಅಪ್ಪ ಬೈಕಿನ ಹಾರ್ನ್ ಒತ್ತಿದ. ಸಮತಾಳ ಬಾಯಿ ಇನ್ನೂ ತೆರೆದೇ ಇತ್ತು. ಬದಿಗಿಟ್ಟಿದ್ದ ಶೇಂಗಾ ಉಂಡೆಯನ್ನು ತೆಗೆದು ಅದರೊಳಕ್ಕೆ ಹಾಕಿಕೊಂಡಳು.