ನಜಮಾಳ ಅಪ್ಪನ ಹೆಬ್ಬೆರಳು

ಮೊದಲೇ ಹೇಳಿಬಿಡುತ್ತೇನೆ, ನಜಮಾ ನಮ್ಮ ಅಂಗಡಿಗೆ ಬಂದದ್ದು ಅವಳ ಅಪ್ಪನ ಕಾಲಿಗಾಗಿ. ನನಗಾಗಿ ಅಲ್ಲ.

ಇಲಕಲ್ಲಿನ ಪೇಟೆಯ ಹಿಂದೆ ನಮ್ಮದು ಮಾಂಸದಂಗಡಿ. ಸಾಲೆ ಬಿಟ್ಟು ಕತ್ತಿ ಹಿಡಿದವನು ನಾನು, ಬಂದೇನವಾಜ. ಅವಳ ಅಪ್ಪ ಇಮಾಮಸಾಬ ಸೀರೆ ನೇಯುವವರು. ಅವರ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿ ಮಿರುಗುತ್ತಿತ್ತು. ಹೊದಿಕೆಯ ಅಂಚು ತಾಗಿದರೂ ಹಲ್ಲು ಕಚ್ಚುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹಲಗೆ ತುಳಿಯದೆ ಸೀರೆ ಎಲ್ಲಿಂದ ಬರಬೇಕು? ಮಗ್ಗ ನಿಂತೇ ಹೋಗಿತ್ತು.

ಕಾಲು ನೊಂದರೆ ಆಡಿನ ಕಾಲಿನ ಸೂಪು ಕುಡಿಯಬೇಕು ಎಂದು ನಮ್ಮ ಓಣಿಯಲ್ಲಿ ಎಲ್ಲರ ನಂಬಿಕೆ. ಅದಕ್ಕೇ ಅವಳು ಬಂದಳು.

"ನಾಕ ಕಾಲು ಕೊಡು. ಆಡಿನವು."

"ನನಗೂ ಎರಡ ಅದಾವು. ಬೇಕಂದ್ರ ಅವನ್ನೂ ತಗೊ."

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆದರೆ ಕಣ್ಣು ಮುಚ್ಚಿಕೊಳ್ಳಲಿಲ್ಲವಲ್ಲ, ನಗು ಅಲ್ಲಿತ್ತು.

ಅಂದಿನಿಂದ ಒಳ್ಳೆಯ ಕಾಲುಗಳನ್ನು ನಾನೇ ಸುಟ್ಟು, ಕೂದಲು ಕೆರೆದು, ತೊಳೆದು ಅವಳಿಗೆಂದು ತೆಗೆದಿಡುತ್ತಿದ್ದೆ. ಅಡಿಯಲ್ಲಿ ಒಂದಿಷ್ಟು ಕಲೀಜ, ಅಂದರೆ ಆಡಿನ ಯಕೃತ್ತು, ಮುಚ್ಚಿ ಇಡುತ್ತಿದ್ದೆ. ಎದುರಿಗೆ ನಿಂತಾಗ ಅವಳು ನನ್ನ ಕೈ ಮಾತ್ರ ನೋಡುವಳು. ನಾನು ತೂಕಕ್ಕೆ ತಿರುಗಿದೊಡನೆ ಮುಖ ನೋಡುವಳು. ತಕ್ಕಡಿಯ ಹಿತ್ತಾಳೆಯ ತಟ್ಟೆಯಲ್ಲಿ ಅದೆಲ್ಲ ನನಗೆ ಕಾಣುತ್ತಿತ್ತು. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ನೋಡುವುದನ್ನೇ ಬಿಡುತ್ತಿದ್ದಳು.

ಇಮಾಮಸಾಬರಿಗೆ ವಿಷಯ ತಿಳಿಯಿತು. ಸಿಟ್ಟಾಗಲಿಲ್ಲ. ಕಾಲು ನೆಟ್ಟಗಾಗಲಿ, ಮಗ್ಗ ನಡೆಯಲಿ, ಆಮೇಲೆ ನಿಕಾದ ಮಾತಾಡೋಣ ಎಂದು ನಮ್ಮಪ್ಪನಿಗೆ ತಾವೇ ಹೇಳಿ ಕಳಿಸಿದರು. ನನ್ನ ಬಾಳೆಲ್ಲ ಆ ಒಂದು ಹೆಬ್ಬೆರಳಿಗೆ ಜೋತುಬಿತ್ತು. ಬೇಗ ವಾಸಿಯಾಗಲಿ ಎಂದು ಇನ್ನೂ ಹೆಚ್ಚು ಕಾಲು ಕಳಿಸಿದೆ, ಇನ್ನೂ ಹೆಚ್ಚು ಕಲೀಜ. ಬೇನೆ ಬೆರಳಿನಿಂದ ಮೊಣಕಾಲಿಗೆ ಏರಿತು. ಅವರ ನರಳಾಟ ಓಣಿಗೆಲ್ಲ ಕೇಳುತ್ತಿತ್ತು. ನಜಮಾಳ ಕಣ್ಣಡಿ ಕಪ್ಪಾಯಿತು. ತಟ್ಟೆಯಲ್ಲಿ ನೋಡಿದರೆ ಅವಳ ಮುಖ ಈಗ ನೆಲದ ಕಡೆಗಿರುತ್ತಿತ್ತು.

ತಡೆಯಲಾರದೆ ಒಂದು ಚಕ್ಕಡಿ ಹತ್ತಿ ಮಹಾಕೂಟಕ್ಕೆ ಹೋದೆ. ಅಲ್ಲಿ ರಾಚಯ್ಯ ಎಂಬ ಮುದುಕರು ಗುಡ್ಡದ ಬೇರು ಬಳ್ಳಿ ತಂದು ಮದ್ದು ಕೊಡುತ್ತಿದ್ದರು. ರೋಗಿ ಏನು ಉಣ್ಣುತ್ತಾನೆ ಎಂದಷ್ಟೇ ಕೇಳಿದರು. ನಾನು ಹೆಮ್ಮೆಯಿಂದ ಎಲ್ಲ ಹೇಳಿದೆ.

"ಇದು ವಾತರಕ್ತ, ತಮ್ಮಾ. ನೀ ಉರಿಯೂ ಬೆಂಕಿಗೆ ಕಟಗಿ ಹಾಕಾಕ್ಹತ್ತೀದಿ."

ಕಾಲು, ಕಲೀಜ, ಮಾಂಸ ಎಲ್ಲ ಬಿಡಿಸು ಎಂದರು. ಜೋಳದ ರೊಟ್ಟಿ, ಸೋರೆಕಾಯಿ, ಹೀರೆಕಾಯಿ, ಮಜ್ಜಿಗೆ ಕೊಡಲಿ. ದಿನವಿಡೀ ನೀರು ಕುಡಿಯಲಿ. ಊದಿದ ಕಡೆ ಕಾವು ಬೇಡ, ತಣ್ಣೀರಿನ ಬಟ್ಟೆ ಹಾಕಲಿ. ಅಮೃತಬಳ್ಳಿಯ ಕಷಾಯ ಕುಡಿಯಲಿ, ಆದರೆ ಬಾಯಿ ಕಟ್ಟದಿದ್ದರೆ ಬಳ್ಳಿ ಏನೂ ಮಾಡದು.

ಹೇಳಿದರೆ ನಜಮಾ ಅಂಗಡಿಗೆ ಬರುವುದು ನಿಲ್ಲುತ್ತದೆ. ಹೇಳದಿದ್ದರೆ ಅವಳ ಅಳು ನಿಲ್ಲುವುದಿಲ್ಲ. ಇದರಲ್ಲಿ ಯೋಚಿಸುವುದೇನಿದೆ? ನೆಟ್ಟಗೆ ಅವರ ಮನೆಗೇ ಹೋಗಿ ಹೇಳಿದೆ.

ಅವಳು ಅಂದೇ ಸೂಪಿನ ಗಡಿಗೆ ಬೋರಲು ಹಾಕಿದಳು. ಕಷಾಯದ ಕಹಿಗೆ ಅಪ್ಪ ಮುಖ ತಿರುಗಿಸಿದರೆ ಕೂಸಿಗೆ ಗದರುವಂತೆ ಗದರಿ ಕುಡಿಸಿದಳಂತೆ. ಊತ ಮೆಲ್ಲಗೆ ಇಳಿಯಿತು. ಮೊಹರಮ್ಮಿನ ಹೊತ್ತಿಗೆ ಇಮಾಮಸಾಬ ಕೋಲಿಲ್ಲದೆ ನಡೆದರು. ಒಂದು ಮುಂಜಾನೆ ಅವರ ಮನೆಯಿಂದ ಮಗ್ಗದ ಸದ್ದು ಕೇಳಿಸಿತು. ಕೈ ಸಹ ತೊಳೆಯದೆ ಓಡಿದೆ.

ಅವರು ಮಗ್ಗದ ಹಾಸಿನ ನೂಲಿನಿಂದ ಕಣ್ಣೆತ್ತಲಿಲ್ಲ.

"ನನ್ನ ಕಾಲಿಗೆ ವಿಷಾ ಉಣಿಸಿದ ಮನಿ ನಿಮ್ದು. ಅಲ್ಲಿಗೆ ಮಗಳನ್ನ ಹ್ಯಾಂಗ ಕೊಡ್ಲಿ?"

"ಅದನ್ನ ಬಿಡ್ರಿ ಅಂತ ಹೇಳಿದಾಂವನೂ ನಾನ ಅಲ್ಲೇನ್ರಿ, ಚಾಚಾ?"

"ನೀ ಹೇಳಿದ್ದಕ್ಕನ ಗೊತ್ತಾತು."

ಆ ಮಗ್ಗ ಮುರಿಯಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ. ಬಟ್ಟಲು ನೆಕ್ಕಿ ಇನ್ನಷ್ಟು ಕೇಳಿ ಕುಡಿದವರು ಯಾರು? ವಿಷವಂತೆ! ಖರೆ ಸಂಗತಿ ಬೇರೆಯೇ ಇತ್ತು. ಕುಂಟುತ್ತ ಬಿದ್ದಿದ್ದಾಗ ಕಟುಕನ ಮಗ ಸಾಕಾಗಿದ್ದ. ಕಾಲು ಬಂದ ಮೇಲೆ ಅಮೀನಗಡದಲ್ಲಿ ಕರದಂಟಿನ ಅಂಗಡಿ ಇದ್ದ ಮನೆತನದ ಸಂಬಂಧ ಕಂಡಿತು.

ನಜಮಾ ಸಿಕ್ಕಿದ್ದು ಬಾವಿಯ ಹತ್ತಿರ. ಅಪ್ಪನಿಗೆ ನೀರು ಹೆಚ್ಚು ಬೇಕಲ್ಲ, ಮತ್ತೆ ಮತ್ತೆ ಬರುತ್ತಿದ್ದಳು. ಬಾಗಲಕೋಟೆಗೆ ಹೋಗಿ ರೈಲು ಹತ್ತೋಣ ಎಂದೆ. ಅವಳು ಹಗ್ಗ ಬಿಡುತ್ತಲೇ ತಲೆ ಅಲ್ಲಾಡಿಸಿದಳು. ಅಪ್ಪ ಮತ್ತೆ ನಡೆಯತೊಡಗಿದ ಓಣಿಯಲ್ಲಿ ಅವರ ತಲೆ ತಗ್ಗಿಸಲಾರೆ ಎಂದಳು.

"ನಾ ಸುಮ್ನಿರಬೇಕಿತ್ತೇನ ನಜಮಾ?"

"ಸುಮ್ನಿದ್ದಿದ್ರ ನಿನ್ನ ಮಾರಿ ನಾ ಮತ್ತ ನೋಡತಿರಲಿಲ್ಲ." ಆಗ ನೋಡಿದಳು. ಹಿತ್ತಾಳೆಯಲ್ಲಲ್ಲ, ಎದುರಿಗೇ. "ನಿನ್ನ ಬಿಟ್ಟು ಯಾರನ್ನೂ ಹಿಂಗ ನೋಡಿಲ್ಲ. ನೋಡೂದೂ ಇಲ್ಲ."

ಅವಳು ತುಂಬಿದ ಕೊಡವನ್ನು ಮೇಲೆಳೆದಳು.

"ಮಗ್ಗದ ಮ್ಯಾಲ ಇರೂದು ನನ್ನ ಮದವಿ ಸೀರಿ. ಆ ಕಾಲು ನೀ ಉಳಿಸಿದ್ದು. ಅದು ತುಳದು ನೇಯ್ದಿದ್ದನ್ನ ಉಟಗೊಂಡು ಹೋಗ್ತೇನಿ. ನನ್ನ ಮೈಮ್ಯಾಲ ನಿಂದೂ ಏನರೆ ಇರ್ಲಿ."

ಕೊಡ ಸೊಂಟಕ್ಕೇರಿಸಿ ಹೊರಟಳು. ಓಣಿಯ ಆ ತುದಿಯಿಂದ ಮಗ್ಗದ ಸದ್ದು ಬರುತ್ತಿತ್ತು. ನಿಂತು ಕೇಳಿದೆ. ಕಾಲು ಗಟ್ಟಿಯಾಗಿ ತುಳಿಯುತ್ತಿತ್ತು, ಒಂದು ಸಲವೂ ತಪ್ಪಲಿಲ್ಲ.